ಮನೆಪಾಠ: ಮಗುವಿನ ಹಕ್ಕೋ, ಶಾಲೆಯ ಸಬೂಬೋ?

ಹಾಸಿಗೆಯಿಂದ ಏಳಲಾಗದ ಮಗುವಿನ ಹೆಸರೂ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಇರಬೇಕು. ವಿಜಯಪುರ ನಗರದ ಅಂಚಿನ ಭೂತನಾಳದಲ್ಲಾಗಲಿ, ತಿಕೋಟಾ, ಬಬಲೇಶ್ವರ ಭಾಗದ ತಾಂಡಾಗಳಲ್ಲಾಗಲಿ ಹೀಗೆಂದರೆ ಎದುರಾಗುವ ಪ್ರಶ್ನೆ ಸಹಜವಾದದ್ದೇ: ‘ಸಾಲಿಗೇ ಹೋಗದ ಮ್ಯಾಲ ಹೆಸರು ಹಚ್ಚಿ ಏನ ಮಾಡೂದ್ರಿ?’ ಹೆಸರು ಹಚ್ಚಿದರೇನೇ ಶಿಕ್ಷಕರು ಮನೆಗೆ ಬರುವ ದಾರಿ ತೆರೆಯುತ್ತದೆ.

ಇದಕ್ಕೆ ಶಿಕ್ಷಣ ಇಲಾಖೆ ಇಟ್ಟ ಹೆಸರು ಗೃಹಾಧಾರಿತ ಶಿಕ್ಷಣ. ಮೊದಲು ಸರ್ವ ಶಿಕ್ಷಣ ಅಭಿಯಾನದಲ್ಲಿತ್ತು, 2018ರಿಂದ ಸಮಗ್ರ ಶಿಕ್ಷಣದೊಳಗೆ ಸೇರಿದೆ; ಖರ್ಚಿನಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ಪಾಲಕರು ಮೊದಲು ಕಾಣಬೇಕಾದದ್ದು ಹತ್ತಿರದ ಸರ್ಕಾರಿ ಶಾಲೆಯ ಮುಖ್ಯಗುರುಗಳನ್ನು. ಅಲ್ಲಿಂದ ಮಾಹಿತಿ ಬಿಆರ್‌ಸಿಗೆ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಹೋಗುತ್ತದೆ. ವಿಶೇಷ ಅಗತ್ಯದ ಮಕ್ಕಳಿಗೆಂದೇ ತರಬೇತಾದ, ಬಿಐಇಆರ್‌ಟಿ ಎಂದು ಕರೆಯುವ ಶಿಕ್ಷಕರು ಅಲ್ಲಿರುತ್ತಾರೆ. ವೈದ್ಯಕೀಯ ಮೌಲ್ಯಾಂಕನ ಶಿಬಿರ, ಅಂಗವೈಕಲ್ಯದ ಗುರುತಿನ ಯುಡಿಐಡಿ ಕಾರ್ಡು ಎಲ್ಲ ಆಮೇಲಿನ ಹೆಜ್ಜೆಗಳು. ಕಾಗದಪತ್ರದ ಓಡಾಟಕ್ಕೆ ಹಳ್ಳಿಯಾದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ನಗರವಾದರೆ ನಗರ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ.

ಮನೆಪಾಠ ಎಂದೊಡನೆ ನಮ್ಮ ಕಣ್ಣಿಗೆ ಕಾಣುವುದು ಟ್ಯೂಷನ್. ಇದು ಬೇರೆಯೇ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಬೆನ್ನು ನೆಟ್ಟಗಿಟ್ಟು ಕೂರುವುದೇ ಮೊದಲ ಪಾಠ. ಕುತ್ತಿಗೆ ನಿಂತರೆ ತಾನೇ ಕಣ್ಣು ಚಿತ್ರದ ಮೇಲೆ ನಿಲ್ಲುವುದು? ತುತ್ತು ಬಾಯಿಗೆ ಒಯ್ಯುವುದು, ಅಂಗಿಯ ಗುಂಡಿ ಹಾಕುವುದು, ನೀರಡಿಕೆಯಾಯಿತೆಂದು ಸನ್ನೆ ಮಾಡುವುದು ಎಲ್ಲವೂ ಪಠ್ಯವೇ. ಮೊರದಲ್ಲಿ ಹಿಡಿ ಜೋಳ, ಹಿಡಿ ತೊಗರಿ ಬೆರೆಸಿಟ್ಟು ಬೇರೆ ಮಾಡು ಎಂದರೆ ಬೆರಳಿಗೆ ವ್ಯಾಯಾಮವೂ ಆಯಿತು, ಎಣಿಕೆಗೆ ತಳಪಾಯವೂ ಆಯಿತು. ಶಿಕ್ಷಕರು ಇರುವುದು ಸ್ವಲ್ಪ ಹೊತ್ತು. ಉಳಿದ ದಿನಗಳಲ್ಲಿ ಅದನ್ನು ಮಾಡಿಸುವವಳು ತಾಯಿ ಅಥವಾ ಅಜ್ಜಿ. ಹಾಗಾಗಿ ಅರ್ಧ ಪಾಠ ಅವರಿಗೂ ಆಗಬೇಕು. ಕಬ್ಬು ಕಡಿಯಲು ದಂಪತಿ ತಿಂಗಳುಗಟ್ಟಲೆ ಹೊರಗೆ ಹೋಗುವ ತಾಂಡಾಗಳಲ್ಲಿ ಮಗು ಅಜ್ಜಿಯ ಹತ್ತಿರ ಉಳಿದರೆ ಅಜ್ಜಿಗೇ ಕಲಿಸಬೇಕು. ಮಗುವನ್ನೂ ಕರೆದೊಯ್ದರೆ ಆ ಋತುವಿನ ಪಾಠ ಮುಗಿದಂತೆಯೇ.

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿ ತಂದಾಗ, ತೀವ್ರ ಅಥವಾ ಬಹುವಿಧ ಅಂಗವೈಕಲ್ಯದ ಮಗು ಗೃಹಾಧಾರಿತ ಶಿಕ್ಷಣವನ್ನು ‘ಆಯ್ದುಕೊಳ್ಳಬಹುದು’ ಎಂದು ಸೇರಿಸಲಾಯಿತು. ಆಯ್ಕೆ ಮಗುವಿನ ಕಡೆಯದು, ಶಾಲೆಯದಲ್ಲ. ಇಳಿಜಾರು ದಾರಿ ಇಲ್ಲ, ಶೌಚಾಲಯ ಸರಿಯಿಲ್ಲ, ‘ನಮ್ಮಲ್ಲಿ ನೋಡಿಕೊಳ್ಳುವವರಿಲ್ಲ, ಮನೆಯಲ್ಲೇ ಇರಲಿ’ ಎನ್ನುವ ಹಕ್ಕನ್ನು ಯಾವ ಕಾನೂನೂ ಶಾಲೆಗೆ ಕೊಟ್ಟಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಶೇ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಇರುವ, 6ರಿಂದ 18 ವರ್ಷದ ಮಕ್ಕಳಿಗೆ ನೆರೆಹೊರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಕೊಡಬೇಕೆನ್ನುತ್ತದೆ. ಗಾಲಿಕುರ್ಚಿ ಕೊಟ್ಟರೆ ಶಾಲೆಗೆ ಬರಬಲ್ಲ ಮಗುವನ್ನು ಗೃಹಾಧಾರಿತ ಪಟ್ಟಿಗೆ ಸೇರಿಸುವುದು, ನನ್ನ ಮಟ್ಟಿಗೆ, ಶಾಲೆ ಬಿಡಿಸಿದ್ದಕ್ಕೆ ಸಮ.

ಇನ್ನೊಂದು ತೊಡಕಿನ ಬಗ್ಗೆ ಮಾತು ಕಡಿಮೆ. ತಿದ್ದುಪಡಿಯಲ್ಲಿ ಹೇಳಿದ ‘ತೀವ್ರ’ ಎಂಬುದರ ಅಳತೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯದು: ಶೇ 80 ಅಥವಾ ಹೆಚ್ಚು. ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಾ ವರ್ಷಗಟ್ಟಲೆ ಶಾಲೆಗೆ ಹೋಗಲಾಗದ, ಮೂತ್ರಪಿಂಡ ಕೆಟ್ಟು ಡಯಾಲಿಸಿಸ್‌ಗೆ ಅಲೆಯುವ ಮಗು ಈ ಅಳತೆಯೊಳಗೆ ಬರುವುದಿಲ್ಲ. ಅದಕ್ಕೆ ಬೇಕಾದ್ದು ಗಣಿತ, ವಿಜ್ಞಾನದ ಪಾಠವೇ. ಇಂಗ್ಲೆಂಡಿನಲ್ಲಿ 1996ರ ಶಿಕ್ಷಣ ಕಾಯ್ದೆಯ 19ನೇ ಕಲಮು ಇಂಥ ಮಕ್ಕಳ ಪಾಠದ ಹೊಣೆಯನ್ನು ಸ್ಥಳೀಯ ಆಡಳಿತದ ಮೇಲೆ ಹೊರಿಸಿದೆ. ಕಾಯಿಲೆಯಿಂದ 15 ದಿನ ಅಥವಾ ಹೆಚ್ಚು ಶಾಲೆ ತಪ್ಪುವುದು ಖಚಿತವಾದರೆ ಬದಲಿ ವ್ಯವಸ್ಥೆ ಆಗಬೇಕು. ಐರ್ಲೆಂಡಿನಲ್ಲಿ ಪಾಲಕರೇ ಅರ್ಹ ಶಿಕ್ಷಕರನ್ನು ಹುಡುಕುತ್ತಾರೆ, ದುಡ್ಡು ಇಲಾಖೆಯದು. ನಮ್ಮಲ್ಲಿ ಶೇಕಡಾವಾರು ಅಂಗವೈಕಲ್ಯದ ಜತೆಗೆ, ಎಷ್ಟು ದಿನ ಶಾಲೆ ತಪ್ಪುತ್ತದೆ ಎಂಬುದನ್ನೂ ಅಳತೆಗೋಲಾಗಿ ಸೇರಿಸಲು ಅಡ್ಡಿಯೇನಿದೆ?

ದುಡ್ಡಿನ ವಿಚಾರ ಬೇಗ ಮುಗಿಯುತ್ತದೆ, ಯಾಕೆಂದರೆ ಇರುವುದೇ ಅಷ್ಟು. ಸಮಗ್ರ ಶಿಕ್ಷಣದಲ್ಲಿ ವಿಶೇಷ ಅಗತ್ಯದ ಒಂದು ಮಗುವಿಗೆ ವರ್ಷಕ್ಕೆ ₹3,500ರವರೆಗೆ, ದಿನಕ್ಕೆ ಹತ್ತು ರೂಪಾಯಿಯೂ ಆಗದು. ವಿಶೇಷ ಶಿಕ್ಷಕರ ಸಂಬಳ ಇದರಿಂದ ಹೊರಗಿದೆ ನಿಜ. ಆದರೆ ಶಿಕ್ಷಕರೇ ಸಾಲದು. ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೊಬ್ಬರು, ಅದರ ಮೇಲೆ 15ಕ್ಕೊಬ್ಬರು ವಿಶೇಷ ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ತಾಲ್ಲೂಕಿನ ಉದ್ದಗಲಕ್ಕೂ ಊರೂರು ಸುತ್ತಬೇಕಾದ ಬೆರಳೆಣಿಕೆಯ ಶಿಕ್ಷಕರಿಂದ ಈ ಲೆಕ್ಕ ಕೂಡುವುದಿಲ್ಲ.

ಪಾಲಕರು ಮಾಡಬಹುದಾದದ್ದು ಇಷ್ಟು: ಅರ್ಜಿ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮಗುವಿನ ವೈಯಕ್ತಿಕ ಶಿಕ್ಷಣ ಯೋಜನೆಯ ಪ್ರತಿ ಕೇಳಿ, ಅದರಲ್ಲಿ ಶಾಲೆಗೆ ಕರೆತರುವ ಗುರಿ ಬರೆದಿದೆಯೇ ನೋಡಿ. ಹುಡುಗಿಯಾದರೆ ತಿಂಗಳಿಗೆ ₹200ರಂತೆ 10 ತಿಂಗಳ ಶಿಷ್ಯವೇತನವನ್ನೂ ವಿಚಾರಿಸಿ. ಉತ್ತರ ಬರದಿದ್ದರೆ ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಮಿನಂತೆ ಸ್ಥಳೀಯ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಅವರು ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಆ ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ.