ತಲಾಕ್‌ಗೆ ಅವಸರ, ಬಾಕಿ ತೀರಿಸಲು ಸಬೂಬು

ಜುಮಾ ನಮಾಝ್ ಮುಗಿದು ಜನರು ಚದುರಿದ ಬಳಿಕವೂ ಜಮಾಅತ್ ಕಚೇರಿಯ ಬಾಗಿಲಲ್ಲಿ ನಿಂತಿರುವ ಒಬ್ಬ ತಂದೆಯನ್ನು ನಮ್ಮಲ್ಲಿ ಹೆಚ್ಚಿನವರು ಕಂಡಿರುತ್ತಾರೆ. ಮಗಳ ತಲಾಕ್ ಆಗಿ ವರ್ಷ ಕಳೆದಿದೆ. ಮಹ್ರ್‌ನ ಬಾಕಿ, ಇದ್ದತ್ ಕಾಲದ ಖರ್ಚು, ಮದುವೆಯಲ್ಲಿ ಹಾಕಿದ ಚಿನ್ನ ಎಲ್ಲವನ್ನೂ ಮೂರು ಕಂತುಗಳಲ್ಲಿ ಕೊಡುವುದಾಗಿ ಅಳಿಯನಾಗಿದ್ದವನು ಹಿರಿಯರ ಮುಂದೆ ಒಪ್ಪಿದ್ದ. ಮೊದಲ ಕಂತು ಬಂತು. ಎರಡನೆಯದಕ್ಕೆ ರಮಝಾನ್ ಕಳೆಯಲಿ ಎಂದ. ರಮಝಾನ್ ಕಳೆದಾಗ ಬಕ್ರೀದ್ ಎಂದ. ಬಳಿಕ ಗಲ್ಫ್‌ನಿಂದ ಅಣ್ಣ ಬರಲಿ ಎಂದ. ಈಗ ಫೋನ್ ಎತ್ತುತ್ತಿಲ್ಲ. ಕಚೇರಿಯವರು ಆ ತಂದೆಗೆ ಹೇಳುವುದು ಒಂದೇ ಮಾತು: "ಸ್ವಲ್ಪ ಸಬರ್ ಮಾಡಿ ಕಾಕಾ."

ಸಹನೆಯ ಉಪದೇಶ ಸದಾ ಕೊಡಬೇಕಾದವನನ್ನು ಬಿಟ್ಟು ಪಡೆಯಬೇಕಾದವರ ಪಾಲಿಗೇ ಏಕೆ ಬರುತ್ತದೆ? ನಾವು ಈ ಪ್ರಶ್ನೆಯನ್ನು ನಮ್ಮನ್ನೇ ಕೇಳಿಕೊಳ್ಳಬೇಕಾಗಿದೆ.

ಮೊದಲಿಗೆ, ಈ ಬಾಕಿ ಏನೆಂಬುದು ಸ್ಪಷ್ಟವಾಗಲಿ. ಇದು ಪರಿಹಾರವೂ ಅಲ್ಲ, ದಾನವೂ ಅಲ್ಲ. ಮಹ್ರ್ ಪತಿಯ ಮೇಲಿರುವ ಸಾಲ. ನಿಕಾಹ್‌ನ ವೇಳೆ ಮುಂದೂಡಲಾದ ಮಹ್ರ್, ತಲಾಕ್ ಅಥವಾ ಮರಣದೊಂದಿಗೆ ಪಾವತಿಗೆ ಬರುತ್ತದೆ. ತಂದೆ ಮಗಳಿಗೆ ಹಾಕಿದ ಪವನ್‌ಗಳು ಮಗಳ ಸೊತ್ತು. ಅವು ಪತಿಯ ಮನೆಯ ಕಪಾಟಿನಲ್ಲಿದ್ದರೆ ಅಮಾನತ್ತಾಗಿ ಇವೆ ಎಂದಷ್ಟೇ ಅರ್ಥ. ಇದ್ದತ್ ಕಾಲದ ವಸತಿ ಮತ್ತು ಖರ್ಚು ಅವಳ ಹಕ್ಕು. ಇವುಗಳ ಮೇಲೆ, ತಲಾಕ್ ಪಡೆದ ಸ್ತ್ರೀಯರಿಗೆ ಉತ್ತಮ ರೀತಿಯಲ್ಲಿ ಮತಾಅ್ ನೀಡುವುದನ್ನು ಪವಿತ್ರ ಕುರ್‌ಆನ್ (2:241) ಧರ್ಮನಿಷ್ಠರ ಹೊಣೆಯೆಂದು ಹೇಳುತ್ತದೆ. ಪತ್ನಿಗೆ ಹೊನ್ನಿನ ರಾಶಿಯನ್ನೇ ಕೊಟ್ಟಿದ್ದರೂ ಅದರಿಂದ ಏನನ್ನೂ ಹಿಂದೆಗೆಯಬಾರದೆಂದು ಅದು ತಾಕೀತು ಮಾಡುತ್ತದೆ (4:20). ಕೊಟ್ಟುದನ್ನೇ ಹಿಂದೆಗೆಯಬಾರದೆಂದ ಮೇಲೆ, ಕೊಡಬೇಕಾದುದನ್ನು ಕೊಡದೆ ಉಳಿಸಿಕೊಳ್ಳಲು ಯಾವ ಸಮರ್ಥನೆ ಇದೆ?

ಸಾಮರ್ಥ್ಯವಿದ್ದವನು ಸಾಲ ತೀರಿಸಲು ತಡ ಮಾಡುವುದು ಅಕ್ರಮವೆಂದು ಪ್ರವಾದಿ(ಸ)ರು ಕಲಿಸಿರುವರು. ಅಂಗಡಿಯವನ ಸಾಲದ ವಿಷಯದಲ್ಲಿ ನಾವು ಈ ಹದೀಸನ್ನು ನೆನಪಿಸುತ್ತೇವೆ. ಮಾಜಿ ಪತ್ನಿಯ ಸಾಲದ ವಿಷಯದಲ್ಲಿ ಮಾತ್ರ ಅದನ್ನು ಮರೆಯುತ್ತೇವೆ.

ಇನ್ನು ನಮ್ಮ ರಾಜಕೀಯ ನಡವಳಿಕೆಯನ್ನೂ ಅವಲೋಕಿಸೋಣ. 1985ರ ಎಪ್ರಿಲ್‌ನಲ್ಲಿ ಶಾ ಬಾನು ಪ್ರಕರಣದ ತೀರ್ಪು ಬಂದಾಗ ಸಮುದಾಯ ದೇಶದುದ್ದಕ್ಕೂ ಬೀದಿಗಿಳಿಯಿತು. ಅದರ ಫಲವಾಗಿ 1986ರಲ್ಲಿ ಮುಸ್ಲಿಂ ಮಹಿಳಾ (ವಿಚ್ಛೇದನ ಹಕ್ಕುಗಳ ಸಂರಕ್ಷಣೆ) ಕಾಯ್ದೆ ಬಂತು. ಶರೀಅತ್ ಉಳಿಯಿತೆಂದು ನಾವು ಸಮಾಧಾನಪಟ್ಟೆವು. ಆದರೆ ಆ ಕಾಯ್ದೆಯ ಮೂರನೆಯ ಸೆಕ್ಷನ್ ಏನು ಹೇಳುತ್ತದೆ? ನ್ಯಾಯಯುತವಾದ ಏರ್ಪಾಡು ಮತ್ತು ಜೀವನಾಂಶವನ್ನು ಇದ್ದತ್‌ನ ಅವಧಿಯೊಳಗೇ ಮಾಡಿ ಕೊಡಬೇಕು ಎನ್ನುತ್ತದೆ. ಒಪ್ಪಿದ ಮಹ್ರ್‌ನ ಮೊತ್ತವನ್ನು ಮತ್ತು ಮದುವೆಗೆ ಮೊದಲು, ಮದುವೆಯಲ್ಲಿ, ಮದುವೆಯ ನಂತರ ಬಂಧುಮಿತ್ರರು ಹಾಗೂ ಪತಿಯ ಕಡೆಯವರು ಅವಳಿಗೆ ಕೊಟ್ಟ ಎಲ್ಲ ಸೊತ್ತನ್ನು ಅವಳಿಗೊಪ್ಪಿಸಬೇಕು ಎನ್ನುತ್ತದೆ. ಇದ್ದತ್‌ನೊಳಗೆ ಮಾಡಬೇಕಾದ ಏರ್ಪಾಡು ಅವಳ ಮುಂದಿನ ಬದುಕಿಗೂ ಸಾಲುವಂತಿರಬೇಕೆಂದು 2001ರ ಸೆಪ್ಟೆಂಬರ್‌ನಲ್ಲಿ ಡ್ಯಾನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ವಿವರಿಸಿತು. ಯಾವ ಕಾನೂನಿಗಾಗಿ ಮೆರವಣಿಗೆ ಹೊರಟೆವೋ ಆ ಕಾನೂನಿನ ಪಾಲನೆಗಾಗಿ ಒಂದು ಸಭೆಯನ್ನಾದರೂ ನಾವು ಕರೆದಿದ್ದೇವೆಯೇ?

2019ರಲ್ಲಿ ಕೇಂದ್ರ ಸರಕಾರವು ಏಕಕಾಲದ ಮೂರು ತಲಾಕನ್ನು ಮೂರು ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಯಾಗುವ ಅಪರಾಧವನ್ನಾಗಿ ಮಾಡಿತು. ಮುಸ್ಲಿಂ ಸಹೋದರಿಯರ ಬಗ್ಗೆ ಅಂದು ಸುರಿಸಲಾದ ಕಣ್ಣೀರಿನಲ್ಲಿ ರಾಜಕೀಯ ಎಷ್ಟಿತ್ತೆಂಬುದು ಎಲ್ಲರಿಗೂ ತಿಳಿದಿದೆ. ಜೈಲಿನಲ್ಲಿರುವವನು ಜೀವನಾಂಶ ಕೊಡುವುದೆಲ್ಲಿಂದ ಎಂದು ನಾವೂ ಪ್ರಶ್ನಿಸಿದೆವು. ಪ್ರಶ್ನೆ ಸರಿಯೇ. ಆದರೆ ಜೈಲಿನ ಹೊರಗೆ ಹಾಯಾಗಿರುವವನು ಏಕೆ ಕೊಡುತ್ತಿಲ್ಲವೆಂದು ಅಷ್ಟೇ ಗಟ್ಟಿಯಾಗಿ ಕೇಳದಿದ್ದರೆ ನಮ್ಮ ಪ್ರಶ್ನೆಗೆ ತೂಕವಿಲ್ಲ. 2024ರ ಜುಲೈ 10ರಂದು, ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ ಹೇಳಿದಾಗ ಮತ್ತೆ ಅಸಮಾಧಾನದ ಹೇಳಿಕೆಗಳು ಹೊರಬಂದವು. ಅವಳಿಗೆ ಸಲ್ಲಬೇಕಾದುದು ಇದ್ದತ್‌ನೊಳಗೇ ಸಂದಿದ್ದರೆ ಅವಳು ಕೋರ್ಟಿನ ಮೆಟ್ಟಿಲು ಹತ್ತುತ್ತಿದ್ದಳೇ?

ಎಳೆದಾಡುವಿಕೆಯಲ್ಲಿ ಒಂದು ಲೆಕ್ಕಾಚಾರವಿದೆ. ಮಹ್ರ್‌ಗಾಗಿ ಸಿವಿಲ್ ದಾವೆ ಹೂಡಲು ಕಾಲಮಿತಿ ಕಾಯ್ದೆಯು ತಲಾಕ್ ಅಥವಾ ಮರಣದಿಂದ ಮೂರು ವರ್ಷಗಳ ಅವಧಿಯನ್ನಷ್ಟೇ ಕೊಡುತ್ತದೆ. ಬಾಯಿಮಾತಿನ ಭರವಸೆಗಳಲ್ಲಿ ಈ ಮೂರು ವರ್ಷ ಕಳೆದರೆ ದಾವೆಯ ದಾರಿಯೇ ಮುಚ್ಚಿಹೋಗಬಹುದು. ಆದರೆ ಅವಧಿ ಮುಗಿಯುವ ಮುನ್ನ ಬಾಕಿಯನ್ನು ಒಪ್ಪಿ ಆತ ಬರೆದು ಸಹಿ ಹಾಕಿದರೆ ಅಂದಿನಿಂದ ಕಾಲಮಿತಿ ಹೊಸದಾಗಿ ಆರಂಭವಾಗುತ್ತದೆ. ಹಾಗೆಯೇ ಕೋರ್ಟು ಆದೇಶಿಸಿದ ಮಾಸಿಕ ಜೀವನಾಂಶ ಬಾರದಿದ್ದರೆ, ಅದು ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಬೇಕು. ಸಬರ್‌ನ ಉಪದೇಶ ನೀಡುವ ಹಿರಿಯರು ಈ ಗಡುವುಗಳನ್ನೂ ಆ ತಂದೆಗೆ ತಿಳಿಸುವುದು ಅವರ ಕರ್ತವ್ಯ.

ಹಣ ಉಳಿಸಿಕೊಳ್ಳಲು ಇನ್ನೊಂದು ಕೆಟ್ಟ ದಾರಿಯೂ ಇದೆ. ತಲಾಕನ್ನೂ ಕೊಡದೆ, ಮನೆಗೂ ಕರೆಸಿಕೊಳ್ಳದೆ ಸತಾಯಿಸಿ, ಅವಳಾಗಿಯೇ ಖುಲಾ ಕೇಳಿ ಮಹ್ರ್ ಬಿಟ್ಟುಕೊಡುವಂತೆ ಮಾಡುವುದು. ಕೊಟ್ಟುದರಲ್ಲಿ ಒಂದಂಶವನ್ನು ಕಬಳಿಸಲಿಕ್ಕಾಗಿ ಸ್ತ್ರೀಯರನ್ನು ಪೀಡಿಸುವುದನ್ನು ಕುರ್‌ಆನ್ (4:19) ನಿಷೇಧಿಸಿದೆ. ಖುಲಾ ಹೆಣ್ಣಿನ ಬಿಡುಗಡೆಗಾಗಿ ಇರುವ ಹಕ್ಕು, ಗಂಡನ ಉಳಿತಾಯದ ಯೋಜನೆಯಲ್ಲ.

ನಿಜವಾಗಿಯೂ ಕೈಯಲ್ಲಿಲ್ಲದವನ ಮಾತೇನು? ಅವನ ಮೇಲೆ ನಾವು ಕಲ್ಲೆಸೆಯುವುದಿಲ್ಲ. ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವ ತನಕ ಕಾಲಾವಕಾಶ ನೀಡುವಂತೆ ಅಲ್ಲಾಹನೇ ಆದೇಶಿಸಿರುವನು (2:280). ಅಂಥವನು ಜಮಾಅತ್‌ನ ಮುಂದೆ ತನ್ನ ಆದಾಯವನ್ನು ತೆರೆದಿಡಲಿ, ಸಣ್ಣ ಕಂತನ್ನಾದರೂ ತಪ್ಪದೆ ಕೊಡಲಿ. ಝಕಾತ್‌ನಲ್ಲಿ ಸಾಲಗಾರರಿಗೂ ಒಂದು ಪಾಲಿದೆ. ಅರ್ಹನಾದರೆ ಅದರಿಂದಲೇ ನೆರವಾಗಬಹುದು. ಆದರೆ ಎರಡನೆಯ ಮದುವೆಗೆ ಹಾಲ್ ಗೊತ್ತುಪಡಿಸುವವನು, ಮನೆಯ ಮೇಲೆ ಮಹಡಿ ಕಟ್ಟುವವನು ಈ ರಿಯಾಯಿತಿಯ ಹಿಂದೆ ಅಡಗುವಂತಿಲ್ಲ.

ಹೆಣ್ಣಿನ ಕಡೆಯವರಿಗೂ ಒಂದು ಮಾತು. ಹಣ ಬರಲಿಲ್ಲವೆಂಬ ಸಿಟ್ಟಿನಲ್ಲಿ ಮಗುವನ್ನು ತಂದೆಗೆ ತೋರಿಸದಿರುವುದು, ಹಾಕದ ಚಿನ್ನವನ್ನು ಪಟ್ಟಿಯಲ್ಲಿ ಸೇರಿಸುವುದು ನ್ಯಾಯವಲ್ಲ. ಮಗುವನ್ನು ಒತ್ತೆಯಿಡಲಾಗದು. ಅದೇ ರೀತಿ, ಮಗುವಿನ ಖರ್ಚು ತಂದೆಯ ಪ್ರತ್ಯೇಕ ಹೊಣೆ. ಮಗು ತಾಯಿಯ ಬಳಿ ಇದೆ ಎಂಬ ಕಾರಣಕ್ಕೆ ಅದು ತಪ್ಪುವುದಿಲ್ಲ.

ಜಮಾಅತ್‌ಗಳು ಏನು ಮಾಡಬಹುದು? ಮೊದಲನೆಯದಾಗಿ, ನಿಕಾಹ್‌ನ ದಿನವೇ ಮಹ್ರ್‌ನೊಂದಿಗೆ ಹೆಣ್ಣಿನ ಚಿನ್ನದ ವಿವರವನ್ನೂ ದಫ್ತರಿನಲ್ಲಿ ಬರೆದಿಡಬೇಕು. ಎರಡನೆಯದಾಗಿ, ತಲಾಕನ್ನು ದಾಖಲಿಸುವಾಗಲೇ ಬಾಕಿಯ ಮೊತ್ತ, ಕೊಡುವ ದಿನಾಂಕಗಳು, ತಪ್ಪಿದರೆ ಏನೆಂಬುದು ಎಲ್ಲವೂ ಸ್ಟಾಂಪ್ ಪೇಪರಿನಲ್ಲಿ ಇಬ್ಬರ ಮತ್ತು ಸಾಕ್ಷಿಗಳ ಸಹಿಯೊಂದಿಗೆ ಲಿಖಿತವಾಗಬೇಕು. ಜಮಾಅತ್‌ನ ತೀರ್ಮಾನಕ್ಕೆ ಕೋರ್ಟಿನ ಆದೇಶದ ಬಲವಿಲ್ಲ. ಆದರೆ ಸಹಿಯಾದ ಬರಹವು ಕೋರ್ಟಿನಲ್ಲಿ ಪುರಾವೆಯಾಗುತ್ತದೆ. ಮೂರನೆಯದಾಗಿ, ಹಣ ಕೈಯಿಂದ ಕೈಗಲ್ಲ, ಅವಳದೇ ಬ್ಯಾಂಕ್ ಖಾತೆಗೆ ಹೋಗಬೇಕು. ನಾಲ್ಕನೆಯದಾಗಿ, ಬಾಕಿ ಉಳಿಸಿಕೊಂಡವನು ಬೇರೆ ಊರಿನಲ್ಲಿ ಮದುವೆಯಾಗಲು ಪತ್ರ ಕೇಳಿಕೊಂಡು ಬಂದರೆ, ಬಾಕಿಯ ವಿಷಯವನ್ನು ಮರೆಮಾಚಿ ಪತ್ರ ಕೊಡಬಾರದು. ಇನ್ನೊಂದು ಮನೆಯ ಹೆಣ್ಣುಮಗಳಿಗೂ ಸತ್ಯ ತಿಳಿಯುವ ಹಕ್ಕಿದೆ. ಐದನೆಯದಾಗಿ, ಇಂಥ ಪಂಚಾಯಿತಿಗಳಲ್ಲಿ ತಿಳಿದ ಮಹಿಳೆಯರೂ ಕುಳಿತಿರಬೇಕು.

ಇಷ್ಟಾದರೂ ಕೊಡದಿದ್ದರೆ ಕಾನೂನಿನ ಬಾಗಿಲು ತಟ್ಟಲು ಸಂಕೋಚ ಬೇಡ. ಮದುವೆಯ ಕಾರ್ಡು, ಫೋಟೋ, ಚಿನ್ನದ ಬಿಲ್ಲು, ನಿಕಾಹ್ ಪತ್ರ, ಬ್ಯಾಂಕ್ ವಿವರಗಳನ್ನು ಜೋಪಾನವಾಗಿಡಿ. 1986ರ ಕಾಯ್ದೆಯಡಿ ಸಲ್ಲಿಸಿದ ಅರ್ಜಿಯನ್ನು ಮ್ಯಾಜಿಸ್ಟ್ರೇಟರು ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕೆಂಬುದು ನಿಯಮ. ವಾಸ್ತವದಲ್ಲಿ ವಿಳಂಬವಾಗಬಹುದು. ಆದರೂ ಆದೇಶವನ್ನು ಸಕಾರಣವಿಲ್ಲದೆ ಪಾಲಿಸದವನಿಂದ ವಾರಂಟ್ ಮೂಲಕ ವಸೂಲು ಮಾಡಲು, ಒಂದು ವರ್ಷದವರೆಗೆ ಜೈಲಿಗೆ ಕಳುಹಿಸಲು ಅದರಲ್ಲಿ ಅವಕಾಶವಿದೆ. ವಕೀಲರ ಶುಲ್ಕದ ಚಿಂತೆಯೂ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ, ಆದಾಯ ಎಷ್ಟೇ ಇರಲಿ, ಮಹಿಳೆಯರು ಉಚಿತ ಕಾನೂನು ನೆರವಿಗೆ ಅರ್ಹರು. ತಾಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರಾಯಿತು. ಕೋರ್ಟಿಗೆ ಹೋದವಳು ಸಮುದಾಯದ ಮಾನ ಕಳೆದಳೆಂದು ಯಾರೂ ಹೇಳದಿರಲಿ. ಮಾನ ಹೋಗಿದ್ದು ಕೊಟ್ಟ ಮಾತು ತಪ್ಪಿದಂದೇ.

ನಮ್ಮಲ್ಲಿ ಜನಾಝಾ ನಮಾಝ್‌ಗೆ ಮುನ್ನ ಮಗನೋ ಅಣ್ಣನೋ ಎದ್ದು ನಿಂತು, ಮೃತರಿಂದ ಯಾರಿಗಾದರೂ ಸಾಲ ಬರಬೇಕಿದ್ದರೆ ನಮ್ಮನ್ನು ಸಂಪರ್ಕಿಸಿ ಎಂದು ಘೋಷಿಸುವ ವಾಡಿಕೆಯಿದೆ. ಸಾಲ ಉಳಿಸಿ ಹೋದವರ ಜನಾಝಾ ನಮಾಝ್‌ಗೆ ನಿಲ್ಲಲು ಪ್ರವಾದಿ(ಸ)ರು ಹಿಂಜರಿದಿದ್ದರು, ಬೇರೊಬ್ಬರು ಆ ಸಾಲದ ಹೊಣೆ ಹೊತ್ತ ಬಳಿಕವೇ ನಮಾಝ್ ನಿರ್ವಹಿಸಿದರು. ನಮ್ಮ ಘೋಷಣೆಯ ಮೂಲ ಅದೇ ಭಯ. ಆದರೆ ಆ ಘೋಷಣೆ ಕೇಳುವಾಗ ಮಸೀದಿಯ ಅಂಗಳದಲ್ಲಿರುವುದು ಗಂಡಸರು ಮಾತ್ರ. ಹತ್ತು ವರ್ಷಗಳ ಹಿಂದೆ ತಲಾಕ್ ಪಡೆದು ತವರಿನ ಒಂದು ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿರುವವಳ ಕಿವಿಗೆ ಅದು ಬೀಳುವುದಿಲ್ಲ. ಆದ್ದರಿಂದ ಬದುಕಿರುವಾಗಲೇ ಆತ ಅವಳ ಬಾಕಿ ತೀರಿಸಲಿ. ತೀರಿಸುವಂತೆ ಮಾಡುವ ಹೊಣೆ ಅವನ ಜೊತೆ ಸಫ್‌ನಲ್ಲಿ ನಿಲ್ಲುವ ನಮ್ಮೆಲ್ಲರದು.