ಹೃದಯದ ಶಸ್ತ್ರಚಿಕಿತ್ಸೆಯ ಬಳಿಕ ಪೂಜೆ ಮತ್ತು ಪ್ರಸಾದ



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ತೋಟಗಳಿಂದ ಹೃದಯದ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿಗೆ ತೆರಳುವ ಭಕ್ತರನ್ನು ಸಂದೇಹವೊಂದು ಕಾಡುತ್ತದೆ. ಎದೆಯ ಮೇಲಿನ ಇಷ್ಟಲಿಂಗವನ್ನು ತೆಗೆದಿರಿಸಿದ ಮೇಲೆ ಸ್ನಾನವಿಲ್ಲದೆ, ಪೂಜೆಯಿಲ್ಲದೆ ಆಹಾರ ಸ್ವೀಕರಿಸಬಹುದೇ? ಲಿಂಗಕ್ಕೆ ಅರ್ಪಿಸದೆ ಏನನ್ನೂ ಮುಟ್ಟದ ಹಿರಿಯ ಜೀವಗಳು ಇಂತಹ ಸಮಯದಲ್ಲಿ ತುತ್ತನ್ನು ನಿರಾಕರಿಸುವುದುಂಟು. ಇದಕ್ಕೆ ಉತ್ತರ ಹೇಳುವ ಮೊದಲು, ಆಗ ಕಾಯದೊಳಗೆ ನಡೆಯುವುದೇನೆಂಬುದನ್ನು ಅರಿಯಬೇಕು.

ದೇಹವನ್ನು ತಣ್ಣಗಾಗಿಸಿ ಹೃದಯವನ್ನು ತೆರೆದು ಸರಿಪಡಿಸುವ ಕ್ರಮವು 1952ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಮೊದಲಾಯಿತು. ಮರುವರ್ಷವೇ ಹೃದಯ-ಶ್ವಾಸಕೋಶಗಳ ಕೆಲಸ ಮಾಡುವ ಯಂತ್ರವು ಶಸ್ತ್ರಚಿಕಿತ್ಸೆಯಲ್ಲಿ ಯಶಸ್ವಿಯಾಯಿತು. ಇಂದು ಅನೇಕ ಶಸ್ತ್ರಚಿಕಿತ್ಸೆಗಳಲ್ಲಿ ಆ ಯಂತ್ರವೇ ರಕ್ತವನ್ನು ತಂಪುಗೊಳಿಸುತ್ತದೆ. ದೇಹೋಷ್ಣವು ಒಂದು ಡಿಗ್ರಿ ಇಳಿದರೆ ಶರೀರದ ಆಮ್ಲಜನಕದ ಬೇಡಿಕೆಯು ಶೇಕಡಾ 6-7ರಷ್ಟು ತಗ್ಗುತ್ತದೆ. ಒಲೆಯಿಂದ ಒಂದೊಂದೇ ಸೌದೆ ಹಿರಿದಂತೆ ಒಳಗಿನ ಉರಿ ಸಣ್ಣದಾಗುತ್ತದೆ.

ಕೊನೆಯಲ್ಲಿ ರಕ್ತವನ್ನು ಮತ್ತೆ ಬೆಚ್ಚಗಾಗಿಸುತ್ತಾರೆ. ಆದರೆ ಒಡಲು ಬೆಚ್ಚಗಾದರೂ ಕೈಕಾಲುಗಳು ಇನ್ನೂ ತಣ್ಣಗಿರುತ್ತವೆ. ಯಂತ್ರವನ್ನು ಬಿಡಿಸಿದ ಮೇಲೆ ಒಡಲ ಕಾವು ಕೈಕಾಲುಗಳಿಗೆ ಹರಿದು, ಒಡಲು ಮತ್ತೆ ತಣಿದು, ನಡುಕ ಹುಟ್ಟುವುದುಂಟು. ನಡುಗುವ ದೇಹಕ್ಕೆ ಆಮ್ಲಜನಕವು ಎರಡು ಪಾಲು, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಆ ಹೊರೆ ಬೀಳುವುದು ಆಗಷ್ಟೇ ದುರಸ್ತಿಗೊಂಡ ಹೃದಯದ ಮೇಲೆ. ಆದುದರಿಂದಲೇ ತೀವ್ರ ನಿಗಾ ಘಟಕದಲ್ಲಿ ಬಿಸಿಗಾಳಿಯ ಹೊದಿಕೆ ಹೊದಿಸಿ, ನಡುಕವನ್ನು ಔಷಧದಿಂದ ತಡೆಯುತ್ತಾರೆ.

ಈ ಸಂಕಟಕಾಲದಲ್ಲಿ ಮಧುಮೇಹವಿಲ್ಲದವರಿಗೂ ರಕ್ತದ ಸಕ್ಕರೆ ಏರಬಹುದು. ಅದಕ್ಕೆ ಇನ್ಸುಲಿನ್ ಕೊಡುತ್ತಾರೆ. ಸಕ್ಕರೆ ಏರಿತೆಂದರೆ ದೇಹಕ್ಕೆ ಆಹಾರ ಸಾಕಾಯಿತೆಂದು ಅರ್ಥವಲ್ಲ. ಅದೇ ವೇಳೆ ಶರೀರವು ತನ್ನ ಮಾಂಸಖಂಡಗಳನ್ನೇ ಕರಗಿಸಿಕೊಳ್ಳುತ್ತಿರುತ್ತದೆ. ಉಸಿರಾಟದ ನಳಿಕೆ ತೆಗೆದು, ನುಂಗಲು ತೊಂದರೆಯಿಲ್ಲವೆಂದು ವೈದ್ಯರು ಕಂಡ ಮೇಲೆ ಗುಟುಕು ನೀರು, ಗಂಜಿ, ಬಳಿಕ ಅನ್ನ ಎಂದು ಕೊಡುವುದು ಈ ಕಾರಣಕ್ಕೆ. ಆಗ ಉಪವಾಸ ಹಿಡಿದರೆ ಗಾಯ ಮಾಯುವುದು ನಿಧಾನವಾಗುತ್ತದೆ, ನಿತ್ರಾಣ ಹೆಚ್ಚುತ್ತದೆ.

ಇನ್ನು ಧರ್ಮದ ಮಾತು. ಶರಣರು ಇಷ್ಟಲಿಂಗದೊಡನೆ ಪ್ರಾಣಲಿಂಗ, ಭಾವಲಿಂಗಗಳನ್ನೂ ಹೇಳಿದ್ದಾರೆ. ಶಸ್ತ್ರಚಿಕಿತ್ಸೆಗಾಗಿ ಕರಡಿಗೆಯನ್ನು ಕೊರಳಿನಿಂದ ತೆಗೆಯಬಹುದು. ಪ್ರಾಣಲಿಂಗ, ಭಾವಲಿಂಗಗಳನ್ನು ಯಾವ ಶಸ್ತ್ರವೂ ಬೇರ್ಪಡಿಸಲಾರದು. ಇಷ್ಟಲಿಂಗವನ್ನು ಮನೆಯವರ ಕೈಗೆ ಶ್ರದ್ಧೆಯಿಂದ ಒಪ್ಪಿಸಿರಿ. ಮಲಗಿದಲ್ಲಿಯೇ ಕಣ್ಮುಚ್ಚಿ ಮನಸ್ಸಿನಲ್ಲಿ ಅರ್ಪಿಸಿರಿ. ಆ ಚಮಚ ಗಂಜಿಯು ಪ್ರಸಾದವೇ ಆಗುತ್ತದೆ, ಅದರಲ್ಲಿ ದೋಷವಿಲ್ಲವೆಂಬುದು ನಮ್ಮ ದೃಢವಾದ ಅಭಿಪ್ರಾಯ. ಕಾಯವನ್ನು ಕಾಯಕಕ್ಕಾಗಿ ಉಳಿಸಿಕೊಳ್ಳುವುದೂ ಶಿವಸೇವೆಯೇ. ಬೆಂಗಳೂರಿನ ಸರ್ಕಾರಿ ಹೃದ್ರೋಗ ಸಂಸ್ಥೆಯು ಚಿತ್ರದುರ್ಗದ ಮುರುಘಾಮಠದ ಜಯದೇವ ಜಗದ್ಗುರುಗಳ ಹೆಸರನ್ನು ಹೊತ್ತಿದೆ. ಮಠಕ್ಕೂ ವೈದ್ಯಕ್ಕೂ ವಿರೋಧವಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಮನೆಗೆ ಮರಳಿದ ಮೇಲೆ ಪಥ್ಯವೆಂದು ಬರಿಯ ಗಂಜಿಯಲ್ಲೇ ಇರಿಸಬಾರದು. ಬೇಳೆಯ ತಿಳಿ ಮಾತ್ರ ಕುಡಿಸಿದರೆ ಸಾಲದು, ಬೆಂದ ಬೇಳೆಯೂ ಹೊಟ್ಟೆ ಸೇರಬೇಕು. ಹೆಸರುಬೇಳೆ, ಹುರುಳಿ, ಕಡಲೆ, ಹಾಲು, ಮೊಸರು ಸಸ್ಯಾಹಾರಿಗಳಿಗೆ ಆಧಾರ. ಮೂತ್ರಪಿಂಡದ ತೊಂದರೆಯಿದ್ದವರು ಮಾತ್ರ ಅಳತೆಯನ್ನು ವೈದ್ಯರಿಂದಲೇ ತಿಳಿಯಬೇಕು.

ನಮ್ಮ ಸೀಮೆಯವರು ರೋಗಿಯನ್ನು ನೋಡಹೋಗುವಾಗ ಎಳನೀರು ಒಯ್ಯುವುದು ವಾಡಿಕೆ. ಎಳನೀರಿನಲ್ಲಿ ಪೊಟ್ಯಾಸಿಯಂ ಅಧಿಕ. ಕೆಲವು ಹೃದಯೌಷಧಗಳೂ ಪೊಟ್ಯಾಸಿಯಂ ಏರಿಸುತ್ತವೆ. ಅತಿಯಾದರೆ ಹೃದಯದ ಬಡಿತವೇ ತಪ್ಪೀತು. ವೈದ್ಯರನ್ನು ಕೇಳದೆ ಕುಡಿಸಬೇಡಿರಿ. ಕೊಬ್ಬರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಜಿಡ್ಡೇ ಇರುವುದರಿಂದ ಅದನ್ನೂ ಮಿತಗೊಳಿಸಬೇಕು. ತೋಟ ನಮಗೆ ಅನ್ನ ಕೊಟ್ಟಿದೆಯೆಂದು ಅದರ ಫಲವೆಲ್ಲ ಎಲ್ಲರಿಗೂ ಎಲ್ಲ ಕಾಲದಲ್ಲೂ ಹಿತವೆನ್ನಲಾಗದು.

ಎದೆಯ ಮೂಳೆ ಕೂಡಲು ಆರರಿಂದ ಎಂಟು ವಾರಗಳಾದರೂ ಬೇಕು. ಕರಡಿಗೆಯನ್ನು ಮತ್ತೆ ಧರಿಸುವ ದಿನವನ್ನು ವೈದ್ಯರೊಡನೆ ಮಾತನಾಡಿ ಗೊತ್ತುಮಾಡಿಕೊಳ್ಳಿರಿ. ಅಲ್ಲಿಯವರೆಗೆ ಭಾವಪೂಜೆ ಸಾಗಲಿ, ಪ್ರಸಾದ ನಿಲ್ಲದಿರಲಿ.