ಯಾವ ‘ಎಂಬಿ’ ಸ್ವಾಮಿ?

ಕಳೆದ ಮಳೆಗಾಲದಲ್ಲಿ ನಮ್ಮ ಗೆಳೆಯನೊಬ್ಬ ಗ್ರಾಮಸಭೆಯೊಂದರ ವಿಡಿಯೋ ಮಾಡಲು ಹೋಗಿದ್ದ. ಉದ್ಯೋಗ ಖಾತ್ರಿ ಕೂಲಿ ಬಾಕಿ ಬಗ್ಗೆ ಒಬ್ಬ ಹೆಣ್ಣುಮಗಳು ಎದ್ದು ನಿಂತು ಯಾವ ಕೆರೆ, ಎಷ್ಟು ದಿನ ಕೆಲಸ, ಹೆಬ್ಬೆಟ್ಟು ಒತ್ತಿಸಿಕೊಂಡವರು ಯಾರು ಅಂತ ಒಂದೊಂದಾಗಿ ಹೇಳುತ್ತಿದ್ದಳು. ಅಷ್ಟರಲ್ಲಿ ಕ್ಯಾಮೆರಾ ತನ್ನಷ್ಟಕ್ಕೇ ನಿಂತುಹೋಯಿತು. ಮತ್ತೆ ಒತ್ತಿದ, ಮತ್ತೆ ನಿಂತಿತು. ಬ್ಯಾಟರಿ ಇತ್ತು, ಕಾರ್ಡಿನಲ್ಲಿ ಜಾಗವೂ ಬೇಕಾದಷ್ಟಿತ್ತು. ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ ‘133 ಎಕ್ಸ್’ ಎಂದಿತ್ತು. “133 ಪಟ್ಟು ಫಾಸ್ಟು ಸಾರ್” ಎಂದೇ ಅಂಗಡಿಯವನು ಕೊಟ್ಟಿದ್ದ. ಯಾವುದರ 133 ಪಟ್ಟು? ಇವನು ಕೇಳಲಿಲ್ಲ, ಅವನಿಗೂ ಗೊತ್ತಿರಲಿಲ್ಲ.

ಹಾಡಿನ ಸಿ.ಡಿ.ಯ 133 ಪಟ್ಟು. 1980ರ ದಶಕದಲ್ಲಿ ಬಂದ ಸಿ.ಡಿ. ಪ್ಲೇಯರು ಸೆಕೆಂಡಿಗೆ 75 ಸೆಕ್ಟರ್ ಓದುತ್ತಿತ್ತು. ಕಂಪ್ಯೂಟರಿನ ಸಿ.ಡಿ.ಯಲ್ಲಿ ಒಂದು ಸೆಕ್ಟರಿಗೆ 2,048 ಬೈಟ್ ಮಾಹಿತಿ. ಗುಣಿಸಿ ನೋಡಿ, ಸೆಕೆಂಡಿಗೆ 1,53,600 ಬೈಟ್. ಸಾವಿರದ ಬದಲು 1,024ರ ಲೆಕ್ಕ ಹಿಡಿದರೆ 150 ಕಿಲೋಬೈಟ್. ಅದೇ ‘ಒಂದು ಎಕ್ಸ್’. ಒಂದು ಕಾಲಕ್ಕೆ ನಮ್ಮ ಸೈಬರ್ ಸೆಂಟರುಗಳಲ್ಲಿ ಮೆರೆದ 52 ಎಕ್ಸ್ ಡ್ರೈವಿನ ವೇಗ ಸೆಕೆಂಡಿಗೆ 8 ಮೆಗಾಬೈಟಿನ ಹತ್ತಿರ. ಅದೂ ತಟ್ಟೆಯ ಹೊರ ಅಂಚಿಗೆ ತಲುಪಿದಾಗ ಮಾತ್ರ.

ಆಮೇಲೆ ಡಿ.ವಿ.ಡಿ. ಬಂತು. ಅದರ ಒಂದು ಎಕ್ಸ್ ಅಂದರೆ 1.385 ಮೆಗಾಬೈಟ್, ಸಿ.ಡಿ.ಯದ್ದಕ್ಕಿಂತ ಒಂಬತ್ತು ಪಟ್ಟು. ಬ್ಲೂ-ರೇಯ ಒಂದು ಎಕ್ಸ್ 4.5 ಮೆಗಾಬೈಟ್. ಹೀಗಾಗಿ 16 ಎಕ್ಸ್ ಡಿ.ವಿ.ಡಿ. ಡ್ರೈವು 52 ಎಕ್ಸ್ ಸಿ.ಡಿ. ಡ್ರೈವಿಗಿಂತ ಮೂರು ಪಟ್ಟಿನಷ್ಟು ಜೋರು. ಹೆಸರು ಒಂದೇ, ಸೇರು ಮೂರು. ಮೆಮೊರಿ ಕಾರ್ಡ್ ಮಾಡುವವರು ಈ ಮೂರರಲ್ಲಿ ಯಾವುದನ್ನು ಹಿಡಿದರು ಹೇಳಿ? ಎಲ್ಲಕ್ಕಿಂತ ಚಿಕ್ಕದನ್ನು, ಸಿ.ಡಿ.ಯದ್ದನ್ನು. ಸೇರು ಚಿಕ್ಕದಾದಷ್ಟೂ ಎಣಿಕೆ ದೊಡ್ಡದು ಕಾಣುತ್ತದಲ್ಲ!

133 ಎಕ್ಸ್ ಅಂದರೆ ಸೆಕೆಂಡಿಗೆ ಸುಮಾರು 20 ಮೆಗಾಬೈಟ್. ಅದು ಸಾಮಾನ್ಯವಾಗಿ ಕಾರ್ಡಿನಿಂದ ಓದುವ ವೇಗ. ಬರೆಯುವ ವೇಗದ ಭರವಸೆ ಅದೇ ಕಾರ್ಡಿನ ಮೂಲೆಯಲ್ಲಿ, ಪುಟ್ಟ ವೃತ್ತದೊಳಗೆ ‘4’ ಎಂದು ಇತ್ತು. ಕನಿಷ್ಠ 4 ಮೆಗಾಬೈಟ್ ಎಂದು ಅದರ ಅರ್ಥ. ಗೆಳೆಯನ ಕ್ಯಾಮೆರಾ ಸೆಕೆಂಡಿಗೆ 45 ಮೆಗಾಬಿಟ್ ಉಗುಳುತ್ತಿತ್ತು. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ ಐದೂವರೆ ಮೆಗಾಬೈಟಿಗೂ ಚೂರು ಹೆಚ್ಚು. ಕಾರ್ಡು ಕೈ ಎತ್ತಿತು. ಆ ಪುಟ್ಟ ವೃತ್ತ ಮಾತ್ರ ಸತ್ಯ ಹೇಳಿತ್ತು, ನೋಡುವವರಿರಲಿಲ್ಲ.

ಇಷ್ಟಕ್ಕೆ ಕಂಪನಿಗಳನ್ನು ಬೈದು ಎದ್ದುಬಿಡಬಹುದು. ಆದರೆ ನನ್ನ ಜಗಳ ನಮ್ಮವರ ಜೊತೆಗೇ ಇದೆ, ಕನ್ನಡದಲ್ಲಿ ಸುದ್ದಿ ಬರೆಯುವ ನಮ್ಮ ಜೊತೆ. ಇಂಗ್ಲಿಷಿನಲ್ಲಿ ಬಿಟ್‌ಗೆ ಚಿಕ್ಕ ಬಿ, ಬೈಟ್‌ಗೆ ದೊಡ್ಡ ಬಿ. ಕಷ್ಟಪಟ್ಟು ನೋಡಿದರೆ ವ್ಯತ್ಯಾಸ ಸಿಗುತ್ತದೆ. ಕನ್ನಡದ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬುದೇ ಇಲ್ಲ. ಎರಡನ್ನೂ ‘ಎಂಬಿ’ ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ಎಂಟು ಪಟ್ಟಿನ ಅಂತರ ಒಂದು ಸೊನ್ನೆ-ಬಕಾರದೊಳಗೆ ಮಾಯ.

ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿದ್ದು 2011ರಲ್ಲಿ. ಈಗ ಅದರ ಹೆಸರು ಭಾರತ್‌ನೆಟ್. ಪ್ರತಿ ಪಂಚಾಯಿತಿಗೆ 100 ಮೆಗಾಬಿಟ್ ಎಂಬುದು ಮಾತು. ನಾವು ‘100 ಎಂಬಿ ವೇಗ’ ಎಂದು ಬರೆದರೆ, 700 ಮೆಗಾಬೈಟಿನ ಒಂದು ಸಿ.ಡಿ.ಯಷ್ಟು ಕಡತ ಏಳು ಸೆಕೆಂಡಿನಲ್ಲಿ ಬರುತ್ತದೆಂದು ಓದುಗ ಲೆಕ್ಕ ಹಾಕುತ್ತಾನೆ. ನಿಜಕ್ಕೂ ಬೇಕಾದ್ದು 56 ಸೆಕೆಂಡು, ಅದೂ ಲೈನು ಪೂರ್ತಿ ಅವನೊಬ್ಬನದೇ ಆಗಿದ್ದರೆ.

ಇದಕ್ಕಿಂತ ಕೆಟ್ಟದ್ದು ತಿರುವು ಮುರುವಾದಾಗ. ಪಂಚಾಯಿತಿಯಲ್ಲಿ ಕೂತು ವೇಗ ಪರೀಕ್ಷಿಸಿದಿರಿ, 12 ಮೆಗಾಬಿಟ್ ಬಂತು ಅನ್ನಿ. ಕೊಡಬೇಕಾದ್ದರ ಎಂಟನೇ ಒಂದು ಪಾಲು. ಪ್ರಶ್ನಿಸಿದರೆ ಜಾಣ ಅಧಿಕಾರಿ ಏನೆನ್ನಬಹುದು? “100ನ್ನು ಎಂಟರಿಂದ ಭಾಗಿಸಿ, ಹನ್ನೆರಡೂವರೆ. ಸರಿಯಾಗೇ ಇದೆಯಲ್ರೀ!” ಬಿಟ್‌ನ ಲೆಕ್ಕಕ್ಕೆ ಬೈಟ್‌ನ ಉತ್ತರ. ನಮ್ಮ ವರದಿಯಲ್ಲಿ ಬರೀ ‘ಎಂಬಿ’ ಇದ್ದರೆ ಅವನ ಬಾಯಿ ಮುಚ್ಚಿಸುವುದು ಹೇಗೆ?

“ಹಳ್ಳಿ ಓದುಗರಿಗೆ ಈ ಗಣಿತ ಯಾಕಪ್ಪಾ” ಎನ್ನುವ ಹಿರಿಯರು ಡೆಸ್ಕಿನಲ್ಲಿದ್ದಾರೆ. ಸ್ವಾಮಿ, 40 ಗುಂಟೆಗೆ ಒಂದೆಕರೆ ಎಂದು ಪಾಲುಪಟ್ಟಿಯ ಅರ್ಧ ಗುಂಟೆಗೂ ಜಗಳ ಮಾಡುವ ಜನ ಇವರು. 1957ರಲ್ಲಿ ಆಣೆ ಹೋಗಿ ನಯಾಪೈಸೆ ಬಂದಾಗ ಒಂದಾಣೆಗೆ ಆರೂಕಾಲು ಪೈಸೆ ಎಂಬ ಲೆಕ್ಕವನ್ನು ಸಂತೆಯಲ್ಲಿ ಸೊಪ್ಪು ಮಾರುವವರೂ ಹಾಕಿದರು. ಎಂಟರ ಮಗ್ಗಿ ಅದಕ್ಕಿಂತ ಕಷ್ಟವೇ? ಲೆಕ್ಕ ಬಾರದವರು ಹಳ್ಳಿಯಲ್ಲಿಲ್ಲ, ಡೆಸ್ಕಿನಲ್ಲಿದ್ದಾರೆ. (ಈ ಎಂಟೂ ಎಲ್ಲ ಕಡೆ ನಡೆಯದು ಅನ್ನಿ. ಹಾರ್ಡ್ ಡಿಸ್ಕಿನ ಸಾಟಾ ಕೇಬಲ್ಲಿನಲ್ಲಿ ಎಂಟು ಬಿಟ್ ಕಳಿಸಲು ಹತ್ತು ಬಿಟ್ ಖರ್ಚು. ಹಾಗಾಗಿ ಅಲ್ಲಿ ಹತ್ತರಿಂದ ಭಾಗಿಸಬೇಕು. 3 ಗಿಗಾಬಿಟ್ ಅಂದರೆ 300 ಮೆಗಾಬೈಟ್.)

ಇನ್ನು ಮೇಲಾದರೂ ‘ಮೆಗಾಬಿಟ್’, ‘ಮೆಗಾಬೈಟ್’ ಎಂದು ಪೂರ್ತಿ ಬರೆಯೋಣ. ಎರಡಕ್ಷರ ಹೆಚ್ಚಾದರೆ ಕಾಲಂ ಮುರಿದು ಬೀಳುವುದಿಲ್ಲ. ‘ಎಕ್ಸ್’ ಬಂದಲ್ಲಿ ಯಾವುದರ ಎಕ್ಸ್, ಓದುವುದೋ ಬರೆಯುವುದೋ ಎಂದು ಕೇಳಿ, ಮೆಗಾಬೈಟಿಗೆ ಇಳಿಸಿಯೇ ಅಚ್ಚಿಗೆ ಕಳಿಸೋಣ. ಜಾಹೀರಾತಿನ ಕಾಗದವನ್ನು ಹಾಗೆಯೇ ಕನ್ನಡಿಸಿ ಸುದ್ದಿ ಎನ್ನುವ ಚಾಳಿ ಬಿಟ್ಟರೆ ಇದೇನೂ ದೊಡ್ಡ ಕೆಲಸವಲ್ಲ.

ಆ ಹೆಣ್ಣುಮಗಳ ಮಾತಿನ ಉಳಿದರ್ಧ ಗೆಳೆಯನ ನೋಟ್‌ಬುಕ್ಕಿನಲ್ಲಿ ಮಾತ್ರ ಇದೆ. ಅದನ್ನು ಹಿಡಿದು ತಾಲ್ಲೂಕು ಕಚೇರಿಗೆ ಹೋದ. ಅಲ್ಲಿಯವರು ಮೊದಲು ಕೇಳಿದ್ದು, “ವಿಡಿಯೋ ಇದೆಯೇನ್ರೀ?”